ಪೇಜ್ ಫೈಲ್ ಹೇಳಿಕೊಟ್ಟ ಸ್ಟೋರ್ಸ್ ಅಕ್ಕ

ಮೂರು ತಿಂಗಳ ಹಿಂದೆ ನಮ್ಮ ಪಕ್ಕದ ಮನೆಯವರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ, ಸಾಮಾನನ್ನೆಲ್ಲ ಒಂದು ಟೆಂಪೋಗೆ ಹೇರಿಕೊಂಡು, ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯಕ್ಕೆ ತಂಗಿಯ ಮನೆಗೆ ಹೊರಟುಹೋದರು. ಹೊಸೂರಿನ ಅಂಚಿನ ಆಲಸನತ್ತಂನ ನಮ್ಮ ಬೀದಿಯಲ್ಲಿ ಕನ್ನಡದವರು, ತಮಿಳರು, ತೆಲುಗರು ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಸ್ಟೋರ್ಸ್ ಅಕ್ಕ ಎಂದು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಅವರ ಹೆಸರು ನನಗೆ ಗೊತ್ತು, ಆದರೆ ಬರೆಯಬಾರದೆಂದು ಅವರೇ ಹೇಳಿದ್ದಾರೆ.

ಮೋಟಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವರು ಉಗ್ರಾಣ ನೋಡಿಕೊಳ್ಳುತ್ತಿದ್ದರು. ಸೀರೆಯ ಮೇಲೆ ಕಂಪನಿಯ ಬೂದು ಬಣ್ಣದ ಕೋಟು, ತುರುಬಿನಲ್ಲಿ ಸಿಕ್ಕಿಸಿದ ಒಂದು ಮೋಟು ಪೆನ್ಸಿಲ್. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಬಗ್ಗೆ ಯಾರೂ ಅಯ್ಯೋ ಪಾಪ ಅಂದದ್ದನ್ನು ನಾನು ಕೇಳಿಲ್ಲ. ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನಿ.

ನಾನು ಅವರನ್ನು ಮೊದಲು ಗಮನಿಸಿದ್ದು ಒಂದು ಪಾರ್ಸೆಲ್ ಬಂದ ದಿನ. ನಾನು ಕುಣಿಗಲ್ ಕಡೆಯವಳು. ಗಂಡನಿಗೆ ಇಲ್ಲಿ ಶಿಫ್ಟ್ ಕೆಲಸ, ನನಗೆ ಹೊಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ. ಮನೆಗೆ ಬಂದ ಹೊಸದು, ಇನ್ನೂ ತಮಿಳು ಬಾಯಿಗೆ ಹತ್ತಿರಲಿಲ್ಲ. ಅಕ್ಕನ ಬಾಗಿಲಲ್ಲಿ ಪಾರ್ಸೆಲ್ ತಂದವನು, "ಅಕ್ಕಾ, ಸೈನ್ ಮಟ್ಟುಂ ಪೋಡುಂಗ," ಎಂದು ಕಾಗದ ಚಾಚಿದ. ಸಹಿ ಒಂದು ಹಾಕಿಬಿಡಿ, ಅಷ್ಟೇ ಅಂತ ಅವನ ಅವಸರ. ಅಕ್ಕ ಕಾಗದ ಇಸಿದುಕೊಂಡು ಕನ್ನಡಕ ಹಾಕಿ, "ಇರುಪ್ಪಾ, ಪಡಿಚ್ಚಿಟ್ಟು ಪೋಡ್ರೇನ್," ಅಂದರು. ಓದಿ ಆಮೇಲೆ ಹಾಕ್ತೀನಿ ಇರಪ್ಪ ಅಂತ. ಮೇಲಿಂದ ಕೆಳಗಿನವರೆಗೆ ಓದಿದರು, ಸಣ್ಣಕ್ಷರವನ್ನೂ ಬಿಡಲಿಲ್ಲ. ಆಮೇಲೆ ಪೆಟ್ಟಿಗೆಯ ಮೂಲೆ ತೋರಿಸಿದರು. ಅಲ್ಲಿ ನೀರು ಬಿದ್ದು ರಟ್ಟು ಮೆತ್ತಗಾಗಿತ್ತು. ಕಾಗದದಲ್ಲಿ ವಸ್ತು ಒಳ್ಳೆಯ ಸ್ಥಿತಿಯಲ್ಲಿ ಬಂದಿದೆ ಎಂದು ಅಚ್ಚಾಗಿತ್ತು. ಅವರು ಆ ಸಾಲಿನ ಪಕ್ಕ 'ಪೆಟ್ಟಿಗೆ ಒದ್ದೆ' ಎಂದು ತಮಿಳಲ್ಲಿ ಬರೆದು, ಅವನಿಂದಲೂ ಒಂದು ಸಹಿ ಹಾಕಿಸಿ, ತಾವು ಹಾಕಿ, ಅವನಿಗೆ ಕುಡಿಯಲು ನೀರು ಕೊಟ್ಟು ಕಳಿಸಿದರು. ಜಗಳವಾಡಲಿಲ್ಲ. ದನಿಯನ್ನೂ ಏರಿಸಲಿಲ್ಲ.

ನನಗೂ ಅವರಿಗೂ ಮಾತು ಬೆಳೆದದ್ದು ಕೆಲವು ವರ್ಷಗಳ ಮೇಲೆ, ಕಂಪ್ಯೂಟರಿನಿಂದ.

ನಾನು ಆಗ ಹೊಸೂರು, ಕೃಷ್ಣಗಿರಿ ಕಡೆಯ ವೀರಗಲ್ಲುಗಳ ಮೇಲೆ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿದ್ದೆ. ದನ ಕಾಯಲು, ಊರು ಉಳಿಸಲು ಹೋಗಿ ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳು ಇಲ್ಲಿ ಹೊಲದ ಬದುವಿನಲ್ಲಿ, ಕೆರೆ ಏರಿಯ ಕೆಳಗೆ, ಕೆಲವೆಡೆ ಬಟ್ಟೆ ಒಗೆಯುವ ಕಡೆಯಲ್ಲೂ ಸಿಗುತ್ತವೆ. ಗುಮ್ಮಳಾಪುರದಿಂದ ಹಿಡಿದು ಬೆಟ್ಟದ ಊರುಗಳವರೆಗೆ ಐದು ವರ್ಷ ಅಲೆದು ಫೋಟೋ ತೆಗೆದಿದ್ದೆ. ಇನ್ನೂರಕ್ಕೂ ಹೆಚ್ಚು ಫೋಟೋಗಳನ್ನು ಒಂದೇ ಕಡತದಲ್ಲಿ ಸೇರಿಸಿ, ಒಂದೊಂದರ ಕೆಳಗೂ ಎತ್ತರ, ಅಗಲ, ಎಲ್ಲಿದೆ, ಹೇಗಿದೆ ಎಂಬ ಟಿಪ್ಪಣಿ ಬರೆಯುವ ಕೆಲಸ ನಡೆದಿತ್ತು. ಮನೆಯಲ್ಲಿದ್ದದ್ದು ಗಂಡನ ಸ್ನೇಹಿತರಿಂದ ಬಂದ ಹಳೆಯ ಕಂಪ್ಯೂಟರ್. ಪ್ರಬಂಧ ಒಪ್ಪಿಸಲು ಇದ್ದ ಗಡುವನ್ನು ಒಮ್ಮೆ ಮುಂದೂಡಿಸಿಕೊಂಡಾಗಿತ್ತು. ಇನ್ನೊಮ್ಮೆ ಕೇಳುವಂತಿಲ್ಲ ಎಂದು ಮಾರ್ಗದರ್ಶಕರು ಹೇಳಿದ್ದರು. ತಪ್ಪಿದರೆ ನೋಂದಣಿಯೇ ರದ್ದಾಗಿ ಐದು ವರ್ಷದ ಅಲೆದಾಟ ನೀರಿಗೆ ಬೀಳುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಆ ಕಡತ ನಾಲ್ಕನೇ ಸಲ ತಾನಾಗಿ ಮುಚ್ಚಿಕೊಂಡಿತು. ನಾನು ಏನೋ ಬೈದಿರಬೇಕು. ಕಾಂಪೌಂಡಿನ ಆಚೆ ಬಟ್ಟೆ ಹರವುತ್ತಿದ್ದ ಅಕ್ಕ ಕೇಳಿದರು:

"ಯಾರ್ನಮ್ಮ ಬೈತಿದ್ದೀಯ?"

"ಕಂಪ್ಯೂಟರ್ ಅಕ್ಕ. ಹ್ಯಾಂಗ್ ಆಗ್ತಾ ಇದೆ."

"ಹ್ಯಾಂಗ್ ಆಯ್ತು ಅಂತ ನೀನಂದೆ. ಅದೇನಂತು?"

"ಏನೋ ಒಂದು ಮೆಸೇಜ್ ಬಂತು. ಓಕೆ ಒತ್ತಿದೆ."

"ಓದ್ಲಿಲ್ವಾ?"

ನಾನು ಕನ್ನಡ ಅಧ್ಯಾಪಕಿ. ಕಲ್ಲಿನ ಮೇಲಿನ ಸವೆದ ಅಕ್ಷರಕ್ಕೆ ಸುಣ್ಣದ ಪುಡಿ ತುಂಬಿ ಗಂಟೆಗಟ್ಟಲೆ ಓದುವವಳು. ಮನೆಯ ಪರದೆಯ ಮೇಲೆ ಬಂದ ಎರಡು ಸಾಲು ಓದಿಲ್ಲ ಎಂದು ಹೇಳಲು ನಾಚಿಕೆಯಾಯಿತು.

ಅಕ್ಕ ಒದ್ದೆ ಕೈ ಒರೆಸಿಕೊಂಡು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ಹಿಂದೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲಿನ ವರ್ಷಗಳಲ್ಲೂ ಅವರು ನಮ್ಮ ಕಂಪ್ಯೂಟರಿನ ಮೌಸನ್ನು ಒಮ್ಮೆಯೂ ಮುಟ್ಟಿದ್ದು ನಾನು ಕಾಣೆ. ಅವರ ಕೈ ಯಾವಾಗಲೂ ಬೆನ್ನ ಹಿಂದೆಯೇ.

"ಇನ್ನೊಂದ್ ದಪ ಕೆಡಿಸು. ನೋಡಾನ," ಅಂದರು.

ಕಡತ ತೆರೆದೆ. ಐವತ್ತನೆಯ ಫೋಟೋ ದಾಟುವಷ್ಟರಲ್ಲಿ ಮೆಸೇಜ್ ಬಂತು. ಅಕ್ಕ ಒಂದೊಂದೇ ಇಂಗ್ಲಿಷ್ ಪದವನ್ನು ಬಿಡಿಸಿ ಓದಿದರು. "ಮೆಮೊರಿ ಸಾಲ್ದು, ಕೆಲ್ಸ ಉಳಿಸ್ಕೊಂಡು ಇದನ್ನ ಮುಚ್ಚು ಅಂತ ಐತೆ. ಮರ್ಯಾದೆಯಾಗಿ ಮುಂಚೇನೇ ಹೇಳೈತೆ ನಿಂಗೆ. ಇತ್ತೀಚ್ಗೆ ಏನ್ ಮಾಡ್ದೆ ಇದಕ್ಕೆ?"

"ಏನೂ ಮಾಡಿಲ್ಲ ಅಕ್ಕ."

"ಯಾರೂ ಏನೂ ಮಾಡಿರಲ್ಲ. ನಮ್ ಸ್ಟೋರ್ಸ್ನಾಗೂ ಹಂಗೇ, ಎಲ್ಲಾ ತಂತಾನೇ ಒಡ್ದೋಗಿರ್ತವೆ," ಅಂದು ಸುಮ್ಮನೆ ನಿಂತರು. ಅವರು ಸುಮ್ಮನೆ ನಿಂತರೆ ಎದುರಿನವರು ನಿಜ ಹೇಳಲೇಬೇಕಾಗುತ್ತಿತ್ತು.

ಹೇಳಿದೆ. ಹದಿನೈದು ದಿನದ ಹಿಂದೆ ಫೋಟೋಗಳಿಂದಾಗಿ ಸಿ ಡ್ರೈವ್ ತುಂಬಿಹೋಗಿತ್ತು. ಯಾವುದು ಜಾಗ ತಿನ್ನುತ್ತಿದೆ ಎಂದು ನೋಡಿದರೆ ಪೇಜ್‌ಫೈಲ್ ಎಂಬ ಹೆಸರಿನ, ನಾನು ಎಂದೂ ಮಾಡದ ಒಂದು ದೊಡ್ಡ ಫೈಲು ಕೂತಿತ್ತು. ಅಳಿಸಲು ಹೋದರೆ ಅಳಿಯಲಿಲ್ಲ. ಯಾರೋ ಮಾಡಿದ ವಿಡಿಯೋ ನೋಡಿ, ಸೆಟ್ಟಿಂಗಿನೊಳಗೆ ಹೊಕ್ಕು, ವರ್ಚುವಲ್ ಮೆಮೊರಿ ಅಂದ ಕಡೆ 'ಪೇಜಿಂಗ್ ಫೈಲ್ ಬೇಡ' ಎಂದು ಒತ್ತಿ, ಯಂತ್ರವನ್ನು ಆರಿಸಿ ಹಚ್ಚಿದ್ದೆ. ಫೈಲು ಮಾಯವಾಗಿ ಅಷ್ಟು ಜಾಗ ಸಿಕ್ಕಿತ್ತು. ಬಹಳ ಜಾಣತನ ಮಾಡಿದೆನೆಂದು ಖುಷಿಪಟ್ಟಿದ್ದೆ.

ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. "ನೀನು ಮಾಡಿದ್ದಲ್ಲ ಅಂತ ಕಸ ಅಂದ್ಕಂಡೆ," ಅಂದರು. ಆಮೇಲೆ ನಿಧಾನವಾಗಿ ಹೇಳಿದರು:

"ನೋಡಮ್ಮ, ನಮ್ ಸ್ಟೋರ್ಸ್ನಾಗೆ ಕಿಟಕಿ ತಾವ ಒಂದು ಮೇಜೈತೆ. ಕೇಳ್ಕೊಂಡು ಬಂದೋರಿಗೆ ಎತ್ತಿ ಕೊಡೋದು ಅದ್ರ ಮೇಲಿಂದಾನೇ. ಕೈಗೆ ಬಿರ್ರನೆ ಸಿಕ್ತದೆ. ಆದ್ರೆ ಮೇಜು ಎಷ್ಟಗಲ ಇದ್ದಾತು? ತುಂಬ್ತು ಅಂದ್ರೆ, ಈಗ್ಲೇ ಬೇಡದ್ದನ್ನ ಹಿಂದ್ಗಡೆ ಗೋಡೌನ್ನಾಗೆ ಅದ್ಕೇಂತ ಬಿಟ್ಟಿರೋ ಜಾಗ್ದಾಗೆ ಇಕ್ಕಿ ಬತ್ತೀವಿ. ಬೇಕಾದಾಗ ಹೋಗಿ ತತ್ತೀವಿ. ತಡ ಆಯ್ತದೆ, ಆದ್ರೆ ಕೆಲ್ಸ ನಿಲ್ಲಲ್ಲ. ನಿನ್ ಕಂಪ್ಯೂಟ್ರಿಗೆ ರ‍್ಯಾಮು ಅನ್ನೋದು ಮೇಜು. ಈ ಪೇಜ್ ಫೈಲು ಗೋಡೌನಿನ ಆ ಜಾಗ. ನೀನು ಖಾಲಿ ಬಿದ್ದೈತೆ ಅಂತ ಅದಕ್ಕೆ ಬೀಗ ಹಾಕ್ಬುಟ್ಟೆ. ಮೇಜು ತುಂಬ್ತು. ಇನ್ನೆಲ್ಲಿಕ್ತದೆ ಪಾಪ ಅದು?"

ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅಷ್ಟು ಚೊಕ್ಕವಾಗಿ ಯಾವುದನ್ನೂ ಹೇಳಿದ ನೆನಪಿಲ್ಲ.

ಸಿ ಡ್ರೈವಿನಲ್ಲಿ ಸಿಕ್ಕಿದ್ದ ಜಾಗವನ್ನೂ ಅಷ್ಟರಲ್ಲಿ ಫೋಟೋಗಳು ತುಂಬಿದ್ದವು, ಅದಕ್ಕೊಂದು ದಾರಿ ಬೇಕಿತ್ತು. ಮನೆಯಲ್ಲಿ ಅದಕ್ಕೂ ಹಿಂದಿನ ಒಂದು ಕಂಪ್ಯೂಟರಿನಿಂದ ಕಳಚಿಟ್ಟ ಹಾರ್ಡ್ ಡಿಸ್ಕ್ ಬಿದ್ದಿತ್ತು. ಅದನ್ನು ಎರಡನೆಯ ಡಿಸ್ಕಾಗಿ ಜೋಡಿಸಿ ಪೇಜ್ ಫೈಲನ್ನು ಅದರ ಮೇಲೆ ಇಡೋಣ ಎಂದರು ಅಕ್ಕ. ಡಬ್ಬಿ ಬಿಚ್ಚಿದ್ದು ನಾನು, ತಂತಿ ಸಿಕ್ಕಿಸಿದ್ದೂ ನಾನು. ಅವರು ಕೈ ಕಟ್ಟಿಕೊಂಡು, "ಒತ್ಬೇಡ, ಅದೇ ಕೂತ್ಕಂತದೆ," ಎಂದು ಹೇಳುತ್ತಿದ್ದರು. ಫೈಲಿಗೆ ಕನಿಷ್ಠ ಅಳತೆ, ಗರಿಷ್ಠ ಅಳತೆ ಎಂಬ ಎರಡು ಖಾನೆಗಳು ಬಂದಾಗ ಅವರ ಮುಖ ಅರಳಿತು. ಉಗ್ರಾಣದಲ್ಲಿ ಪ್ರತಿ ಸಾಮಾನಿಗೂ ಇಷ್ಟಕ್ಕಿಂತ ಇಳಿಯಬಾರದು, ಇಷ್ಟಕ್ಕಿಂತ ಏರಬಾರದು ಎಂದು ಚೀಟಿ ತೂಗುಹಾಕಿರುತ್ತಾರಂತೆ. "ಇದ್ನ ಮಾಡ್ದೋನು ಸ್ಟೋರ್ಸ್ನಾಗೆ ಕೆಲ್ಸ ಮಾಡಿರ್ಬೇಕು," ಅಂದರು.

ಕಡತ ತೆರೆಯಿತು. ನಿಧಾನವಾಗಿ, ಆದರೆ ಕೊನೆಯ ಫೋಟೋವರೆಗೂ. ಹೊಸ ರ‍್ಯಾಮ್ ತರಿಸಲೇ ಎಂದು ಕೇಳಿದೆ. "ಅಳೀದೆ ತರ್ಸಬ್ಯಾಡ," ಅಂದರು. ಟಾಸ್ಕ್ ಮ್ಯಾನೇಜರಿನಲ್ಲಿ 'ಕಮಿಟೆಡ್' ಎಂದು ತೋರಿಸುವ ಅಂಕಿಯನ್ನು, ಕೆಲಸ ಜೋರಾಗಿ ನಡೆದಿರುವಾಗ ದಿನಕ್ಕೊಮ್ಮೆ ನೋಡಿ ಬರೆದಿಡಲು ಹೇಳಿದರು. ಯಂತ್ರ ಒಟ್ಟು ಎಷ್ಟು ಕೇಳುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ, ಆಮೇಲೆ ಮಾತಾಡಿದರಾಯಿತು ಎಂದು.

ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಹತ್ತನೆಯವರೆಗೆ. ಕಾರ್ಖಾನೆಗೆ ಬೋಲ್ಟ್ ಎಣಿಸುವ ಹೆಲ್ಪರಾಗಿ ಸೇರಿದವರು. ಉಗ್ರಾಣಕ್ಕೆ ಕಂಪ್ಯೂಟರ್ ಬಂದಾಗ ಕಲಿಯಲು ಕೂರಿಸಿದ್ದು ಬೇರೆ ಇಬ್ಬರನ್ನು. ಅಕ್ಕ ಅವರ ಹಿಂದೆ ನಿಂತು ನೋಡುತ್ತಿದ್ದರಂತೆ. ಮುಟ್ಟಿದರೆ ಬೈಯುತ್ತಾರೆಂದು ಕೈ ಹಿಂದೆ ಕಟ್ಟಿದ್ದು ಆಗಿನಿಂದ. ಕೂತಿದ್ದ ಇಬ್ಬರೂ ಮೆಸೇಜ್ ಬಂದ ಕೂಡಲೆ ಓಕೆ ಒತ್ತುತ್ತಿದ್ದರು, ನಿಂತವರು ಅಷ್ಟರೊಳಗೆ ಓದಿಕೊಳ್ಳುತ್ತಿದ್ದರು. ಅರ್ಥವಾಗದ ಪದವನ್ನು ಅಂಗೈಯಲ್ಲಿ ಬರೆದುಕೊಂಡು ಮನೆಗೆ ಬಂದು ಡಿಕ್ಷನರಿಯಲ್ಲಿ ಹುಡುಕುತ್ತಿದ್ದರು. "ನನ್ ಇಂಗ್ಲೀಸು ಪೂರಾ ಎರರ್ ಮೆಸೇಜಿಂದು ಕಣಮ್ಮ. ಬೈಯಕ್ಕೆ ಚೆನ್ನಾಗಿ ಬತ್ತದೆ, ಹೊಗಳಕ್ಕೆ ಬರಲ್ಲ," ಎಂದು ಒಮ್ಮೆ ಹೇಳಿದ್ದರು.

ಹೊಗಳಲು ಅವರಿಗೆ ಕನ್ನಡದಲ್ಲೂ ಬರುತ್ತಿರಲಿಲ್ಲ. ಬೀದಿಯಲ್ಲಿ ಕೆಲವರಿಗೆ ಅವರ ಮೇಲೆ ಅಸಮಾಧಾನವಿತ್ತು. ಫೋನು ತೆಗೆದುಕೊಂಡು ಹೋಗಿ, "ಒಂದ್ಸಲ ಸರಿ ಮಾಡಿಕೊಡಿ ಅಕ್ಕ," ಅಂದರೆ ಕೊಡುತ್ತಿರಲಿಲ್ಲ. ಕೂರಿಸಿ, ಓದಿಸಿ, ಅವರ ಕೈಯಲ್ಲೇ ಮಾಡಿಸುತ್ತಿದ್ದರು. ಐದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ. ಎದುರು ಮನೆಯ ಯಜಮಾನರು ಅದನ್ನು ಸೊಕ್ಕು ಎಂದರು. ನನಗೂ ಕೆಲವು ಸಲ ಹಾಗನ್ನಿಸಿದ್ದುಂಟು, ಅದರಲ್ಲೂ ಒಲೆಯ ಮೇಲೆ ಹಾಲಿಟ್ಟು ಬಂದ ಹೊತ್ತಿನಲ್ಲಿ.

ಪೇಜ್ ಫೈಲು ಹೊಸ ಜಾಗಕ್ಕೆ ಹೋಗಿ ಹತ್ತು ಹನ್ನೆರಡು ದಿನವಾಗಿತ್ತು. ಸಂಜೆ ಐದರ ಸುಮಾರಿಗೆ ಟಿಪ್ಪಣಿ ಬರೆದು ಉಳಿಸಲು ಒತ್ತಿದ ಗಳಿಗೆಯಲ್ಲಿ ಇಡೀ ಪರದೆ ನೀಲಿಯಾಯಿತು. ಇಷ್ಟು ಹೊತ್ತಿಗೆ ನಾನು ಓದುವುದನ್ನು ಕಲಿತಿದ್ದೆ. ಕರ್ನಲ್ ಡಾಟಾ ಇನ್‌ಪೇಜ್ ಎರರ್ ಎಂದಿತ್ತು. ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡೆ. ಯಂತ್ರ ಮತ್ತೆ ಹತ್ತಿಕೊಂಡಾಗ ಪ್ರಬಂಧದ ಕಡತ ತೆರೆಯಲಿಲ್ಲ. ಕಡತ ಹಾಳಾಗಿದೆ ಎಂದಿತು. ಪೆನ್ ಡ್ರೈವಿನಲ್ಲಿ ಇಟ್ಟಿದ್ದ ಪ್ರತಿ ಒಂದು ವಾರ ಹಳೆಯದು. ಆ ವಾರದಲ್ಲಿ ಬರೆದ ಎಂಬತ್ತಾರು ಕಲ್ಲುಗಳ ಟಿಪ್ಪಣಿ ಹೋಗಿತ್ತು. ಗಡುವಿಗೆ ಹದಿನೆಂಟು ದಿನ ಉಳಿದಿತ್ತು.

ನಾನು ಫೋನು ಮಾಡಿದ್ದರಿಂದ ಅಕ್ಕ ಕಾರ್ಖಾನೆಯ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು, ಕೋಟು ಕೂಡ ಕಳಚಿರಲಿಲ್ಲ. ಫೋನಿನಲ್ಲಿದ್ದ ಫೋಟೋವನ್ನು ಎರಡು ಸಲ ಓದಿದರು. ಯಾವತ್ತೂ ನಿಂತೇ ಇರುತ್ತಿದ್ದವರು ಅವತ್ತು ಕುರ್ಚಿ ಎಳೆದುಕೊಂಡು ಕೂತರು.

"ಇದು ನನ್ ತಪ್ಪು," ಅಂದರು.

ನನ್ನ ಗಂಡ, "ಬಿಡಿ ಅಕ್ಕ, ಡಿಸ್ಕು ಹಳೇದು. ಅದೂ ನಮ್ಮನೇದೇ," ಎಂದು ಸಮಾಧಾನ ಹೇಳಲು ಬಂದರು.

"ಹಳೇದು ಅಂತ ಗೊತ್ತಿದ್ದೇ ಹಾಕ್ಸಿದ್ದು ನಾನು. ಮೇಜಿನ ಸಾಮಾನು ಗೋಡೌನಿಗೆ ಇಕ್ಕಿ, ವಾಪಸ್ ತರಕ್ಕೆ ಹೋದ್ರೆ ಗೋಡೌನು ಕುಸ್ದೋಗೈತೆ. ಅದೇ ಇಲ್ಲಿ ಬರ್ದಿರೋದು. ನಮ್ ಸ್ಟೋರ್ಸ್ಗೆ ಬಂದ ಒಂದು ನಟ್ಟೂ ಇನ್ಸ್‌ಪೆಕ್ಷನ್ ಆಗ್ದೆ ಒಳೀಕ್ಕೆ ಹೋಗಕ್ಕೆ ಬಿಡಲ್ಲ. ಇಲ್ಲಿ ಡಿಸ್ಕು ಗಟ್ಟಿ ಐತಾ ಇಲ್ವಾ ಅಂತ ನೋಡ್ದೆ ಹಾಕ್ಸ್ಬುಟ್ಟೆ."

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಅವರ ಮೇಲೆ ಸಿಟ್ಟಿತ್ತು. ಪರವಾಗಿಲ್ಲ ಅಕ್ಕ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವರೂ ಅದನ್ನು ನಿರೀಕ್ಷಿಸಲಿಲ್ಲ. ಕ್ಷಮಿಸು ಎಂದು ಗೋಗರೆಯಲಿಲ್ಲ, ಕಾರಣ ಹುಡುಕಲಿಲ್ಲ.

"ಎಷ್ಟು ದಿನದ ಕೆಲ್ಸ ಹೋಯ್ತು?"

"ಏಳು."

"ಕಲ್ಲಿನ ಅಳತೆ ಬರ್ಕಂಡಿರೋ ಪುಸ್ತಕ ಐತಾ?"

"ಇದೆ. ನನ್ನ ಅಕ್ಷರ ನನಗೇ ಓದೋಕಾಗಲ್ಲ."

"ನಾ ಓದ್ತೀನಿ. ನಾಳೆ, ನಾಳಿದ್ದು ರಜ ಹಾಕ್ತೀನಿ. ಶನಿವಾರ, ಭಾನುವಾರ ಹೆಂಗೂ ಐತೆ."

ಅವರು ರಜೆ ಹಾಕಿದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಜ್ವರ ಬಂದರೂ ಕೋಟು ಹಾಕಿಕೊಂಡು ಹೋಗುತ್ತಿದ್ದವರು.

ಮರುದಿನ ಬೆಳಿಗ್ಗೆ ಮೊದಲು ಯಂತ್ರದ ಕೆಲಸ. ಫೋಟೋಗಳನ್ನೆಲ್ಲ ನನ್ನ ಕೈಯಿಂದ ಹೊರಗಿನ ಹೊಸ ಡಿಸ್ಕಿಗೆ ನಕಲು ಮಾಡಿಸಿ, ನಕಲು ಸರಿಯಾಗಿ ತೆರೆಯುತ್ತದೆ ಎಂದು ಹತ್ತಾರು ಕಡೆ ತೆರೆಸಿ ನೋಡಿದ ಮೇಲೆ ಸಿ ಡ್ರೈವಿನಿಂದ ಅಳಿಸಲು ಹೇಳಿದರು. ಪೇಜ್ ಫೈಲನ್ನು ಅಲ್ಲಿಗೇ ಹಿಂದಕ್ಕೆ ತರಿಸಿದರು. ಈ ಸಲ ಅಳತೆ ನಾವು ಬರೆಯಲಿಲ್ಲ. ಎಷ್ಟು ಬೇಕೆಂದು ಸಿಸ್ಟಮ್ಮೇ ನೋಡಿಕೊಳ್ಳಲಿ ಎಂಬ ಸಾಲನ್ನು ಆರಿಸಿದೆವು. "ನಮ್ಗಿಂತ ಅದ್ಕೆ ಚೆನ್ನಾಗಿ ಗೊತ್ತು. ನಾನು ಮೊನ್ನೆ ದೊಡ್ಡಸ್ತಿಕೆ ತೋರ್ಸಕ್ಕೆ ಹೋದೆ," ಅಂದರು. ಪಕ್ಕದಲ್ಲೇ ಇನ್ನೊಂದು ದೊಡ್ಡ ಫೈಲಿತ್ತು. ಯಂತ್ರವನ್ನು ಪೂರ್ತಿ ಆರಿಸದೆ ಹೈಬರ್ನೇಟ್ ಎಂದು ಮಲಗಿಸಿದಾಗ ಮೇಜಿನ ಮೇಲಿರುವುದನ್ನೆಲ್ಲ ಬರೆದಿಟ್ಟುಕೊಳ್ಳಲು ಅದು. ಅದನ್ನೂ ಮುಟ್ಟಬಾರದೇನೋ ಎಂದು ಹೆದರಿದೆ. "ನೀನು ಯಾವಾಗ್ಲೂ ಪೂರಾ ಆರ್ಸೇ ಏಳ್ತೀಯ. ನಿಂಗೆ ಇದು ಬೇಕಿಲ್ಲ. ಇದ್ನ ನಿಲ್ಸ್ಬೋದು," ಎಂದು ಅದನ್ನು ನಿಲ್ಲಿಸುವ ದಾರಿ ಹೇಳಿಕೊಟ್ಟರು. ಒಂದೇ ಭಾರಿ ಕಡತವಾಗಿದ್ದ ಪ್ರಬಂಧವನ್ನು ಅಧ್ಯಾಯಕ್ಕೊಂದರಂತೆ ಆರಾಗಿ ಒಡೆಸಿದರು. ಬರೆದಿಟ್ಟಿದ್ದ ಕಮಿಟೆಡ್ ಅಂಕಿಗಳನ್ನು ನೋಡಿ, ಕಡತ ಒಡೆದ ಮೇಲೆ ಹೊಸ ರ‍್ಯಾಮ್ ಬೇಕಾಗುವುದಿಲ್ಲ ಎಂದೂ ಲೆಕ್ಕ ಹೇಳಿದರು. ಅದು ನಿಜವಾಯಿತು.

ಆಮೇಲೆ ನಾಲ್ಕು ದಿನ ಅವರು ಓದಿದರು, ನಾನು ಟೈಪ್ ಮಾಡಿದೆ. ಗೋಡೆಗೆ ಒರಗಿ ನಿಂತು, ನನ್ನ ಕಾಗೆಕಾಲಿನ ಅಕ್ಷರವನ್ನು ಕಣ್ಣಿಗೆ ಹತ್ತಿರ ಹಿಡಿದು, ಅಡಿ ಅಂಗುಲಗಳನ್ನು ಎರಡೆರಡು ಸಲ ಹೇಳುತ್ತಿದ್ದರು. ಮಧ್ಯಾಹ್ನ ಅವರ ಮನೆಯಿಂದ ಮುದ್ದೆ, ನಮ್ಮ ಮನೆಯಿಂದ ಸಾರು. ಎರಡನೆಯ ದಿನ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಐವತ್ತೋ ಅರವತ್ತೋ ಕಲ್ಲಾದ ಮೇಲೆ ಒಂದು ಕಡೆ ನಿಲ್ಲಿಸಿದರು.

"ಕೆಳಗೆ ದನದ ಸಾಲು, ಮೇಲೆ ಕತ್ತಿ ಹಿಡ್ದೋನು ಅಂತ ಬರ್ದಿದ್ದೀಯಲ್ಲ, ಇಂಥದ್ದು ನಮ್ಮೂರ ತಾವೂ ಐತೆ. ನಿನ್ ಪುಸ್ತಕದಾಗೆ ಅದಿಲ್ಲ."

"ಯಾರೂ ಹೇಳಲಿಲ್ಲವಲ್ಲ ಅಕ್ಕ."

"ನೀನು ಕೇಳ್ಲಿಲ್ಲ. ನಾನು ನಿನ್ ಮನೆ ಪಕ್ಕದಾಗೇ ಇದೀನಿ."

ಟಿಪ್ಪಣಿ ಮುಗಿದ ಮರುದಿನವೇ ನಾನು ಬೆಳಗಿನ ಬಸ್ಸಿಗೆ ಅಕ್ಕನ ಊರಾದ ನಾಟ್ರಾಂಪಾಳ್ಯಕ್ಕೆ ಹೋದೆ. ಅಕ್ಕನಿಗೆ ರಜೆ ಮುಗಿದಿತ್ತು, ಅವರ ತಂಗಿ ಕಲ್ಲು ತೋರಿಸಿದರು. ಬೆಟ್ಟದ ಬುಡದಲ್ಲಿ ರಾಗಿ ಹೊಲದ ಅಂಚಿಗೆ, ಲಂಟಾನ ಪೊದೆಯ ನಡುವೆ ಎದೆಯೆತ್ತರದ ಕಲ್ಲು. ಒಣಗಿದ ಎಲೆ ಬಿದ್ದಿತ್ತು, ಧೂಳು ಕೂತಿತ್ತು. ನನಗೆ ವಾಪಸ್ಸಿನ ಬಸ್ಸಿನ ಚಿಂತೆ. ಬೇಗ ಬೇಗ ಅಳೆದು, ಆರು ಫೋಟೋ ತೆಗೆದು, ಓಡಿ ಬಂದೆ. ಕಡೆಯ ಅಧ್ಯಾಯದಲ್ಲಿ ಅದನ್ನು ಸೇರಿಸಿದೆ. ಪ್ರಬಂಧ ಗಡುವಿಗೆ ಎರಡು ದಿನ ಮುಂಚೆ ವಿಶ್ವವಿದ್ಯಾಲಯಕ್ಕೆ ಹೋಯಿತು.

ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಬರೆದು ತೋರಿಸಿದ್ದೆ. ಪೂರ್ತಿ ಓದಿ, ತುರುಬಿನಿಂದ ಪೆನ್ಸಿಲ್ ತೆಗೆದು, ತಮ್ಮ ಹೆಸರಿನ ಮೇಲೆ ಗೆರೆ ಎಳೆದರು.

"ಹಾಕ್ಬೇಡ. ಹಾಕೋದಾದ್ರೆ ಕೆಡ್ಸಿದ್ದೂ ನಾನೇ ಅಂತ ಹಾಕ್ಬೇಕಾಯ್ತದೆ. ಅದು ನೀನು ಹಾಕಲ್ಲ. ಅರ್ಧ ಬರೆಯೋದು ಬ್ಯಾಡ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಮುಂದೆ ಎಲ್ಲಿ ಏನು ಬರೆದರೂ ಹೆಸರು ಬೇಡ ಎಂದು ಆವತ್ತೇ ಮಾತು ತೆಗೆದುಕೊಂಡರು.

ಕೆಲವು ತಿಂಗಳ ನಂತರ ಮೌಖಿಕ ಪರೀಕ್ಷೆಗೆ ಕರೆ ಬಂತು. ಅದು ಯಾರು ಬೇಕಾದರೂ ಬಂದು ಕೂರಬಹುದಾದ, ಪ್ರಶ್ನೆಯನ್ನೂ ಕೇಳಬಹುದಾದ ಸಭೆ. ಅಕ್ಕ ಎರಡನೆಯ ಬಾರಿ ರಜೆ ಹಾಕಿ ನನ್ನ ಜೊತೆ ಬಂದರು. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಕೊನೆಯ ಸಾಲಿನಲ್ಲಿ ಕೂತರು. ನಾನು ಒಂದೊಂದೇ ಕಲ್ಲಿನ ಚಿತ್ರವನ್ನು ಗೋಡೆಯ ಮೇಲೆ ತೋರಿಸುತ್ತ ವಿವರಿಸಿದೆ. ಪರೀಕ್ಷಕರು ಹಿರಿಯರು, ಕೆಣಕಿ ಕೇಳುವವರಲ್ಲ. ಎಲ್ಲ ಸುಗಮವಾಗಿ ಸಾಗಿತು. ಕೊನೆಗೆ ಅವರು ಸಭೆಯ ಕಡೆ ತಿರುಗಿ, "ಯಾರಾದರೂ ಪ್ರಶ್ನೆ ಕೇಳುವುದಿದ್ದರೆ ಕೇಳಬಹುದು," ಎಂದರು. ಪದ್ಧತಿಗೆ ಹೇಳುವ ಮಾತು ಅದು. ಸಾಮಾನ್ಯವಾಗಿ ಯಾರೂ ಏಳುವುದಿಲ್ಲ.

ಕೊನೆಯ ಸಾಲಿನಿಂದ ಅಕ್ಕ ಎದ್ದರು.

"ಕಡೇದಾಗಿ ಒಂದು ಕಲ್ಲು ತೋರ್ಸುದ್ರಲ್ಲ ಮೇಡಂ, ನಾಟ್ರಾಂಪಾಳ್ಯದ್ದು. ಅದ್ರ ಕೆಳಗೆ, ಪೂಜೆಯಿಲ್ಲದೆ ಪಾಳುಬಿದ್ದಿದೆ ಅಂತ ಬರ್ದೈತೆ. ಯಾರು ಹೇಳಿದ್ದು ನಿಮ್ಗೆ?"

ಮನೆಯಲ್ಲಿ ನೀನು ಎನ್ನುತ್ತಿದ್ದವರು ಸಭೆಯಲ್ಲಿ ಮೇಡಂ ಎಂದಿದ್ದರು.

"ಯಾರೂ ಹೇಳಿಲ್ಲ," ಎಂದೆ. "ನಾನು ಹೋದ ದಿನ ಎಲೆ, ಧೂಳು ಇತ್ತು. ಅದನ್ನು ನೋಡಿ ಬರೆದೆ."

"ಕಾರ್ತೀಕದಾಗೆ ಕಡೇ ಸೋಮವಾರ ನಮ್ಮೂರ ಹೆಂಗಸ್ರು ಅಲ್ಲಿ ದೀಪ ಹಚ್ತೀವಿ. ನಮ್ಮಜ್ಜಿ ಹಚ್ತಿದ್ಲು, ಅವ್ವ ಹಚ್ತಿದ್ಲು. ನೀವು ಹೋಗಿದ್ದು ಬೇರೆ ದಿನ. ಅಷ್ಟೇ ನಾನು ಹೇಳೋದು."

ಅವರು ಕೂತರು. ಸಭೆಯಲ್ಲಿ ಒಬ್ಬರಿಬ್ಬರು ಹಿಂದಕ್ಕೆ ತಿರುಗಿ ನೋಡಿದರು. ನನಗೆ ಎರಡು ದಾರಿ ಇದ್ದವು. ವರ್ಷಕ್ಕೊಂದು ದಿನದ ದೀಪವನ್ನು ಪೂಜೆ ಅನ್ನಲಾಗದು ಎಂದು ಶಾಸ್ತ್ರದ ಮಾತಾಡಿ ಜಾರಿಕೊಳ್ಳಬಹುದಿತ್ತು, ಅದಕ್ಕೆ ಬೇಕಾದ ಪದಗಳೂ ನನ್ನಲ್ಲಿದ್ದವು. "ನಾನು ವಿಚಾರಿಸದೆ ಬರೆದಿದ್ದೇನೆ. ಆ ವಾಕ್ಯ ತೆಗೆದು, ಅಲ್ಲಿಗೆ ಹೋಗಿ ನೋಡಿ ಬರೆಯುತ್ತೇನೆ," ಎಂದೆ. ಪರೀಕ್ಷಕರು ತಲೆದೂಗಿ ತಿದ್ದುಪಡಿಯ ಪಟ್ಟಿಯಲ್ಲಿ ಅದನ್ನು ಬರೆದುಕೊಂಡರು. ಆ ದಿನ ಪಟ್ಟಿಯಲ್ಲಿದ್ದದ್ದು ಅದೊಂದೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಮನೆಯಲ್ಲೇ ಹೇಳಬಹುದಿತ್ತಲ್ಲ ಅಕ್ಕ?"

"ಮನೇಲಿ ತೋರ್ಸಿದ್ರೆ ಮನೇಲೇ ಹೇಳ್ತಿದ್ದೆ. ಆ ಅಧ್ಯಾಯ ನೀನು ತೋರ್ಸ್ಲಿಲ್ಲ. ಇವತ್ತೇ ನೋಡಿದ್ದು, ಇವತ್ತೇ ಹೇಳ್ದೆ." ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತ, "ಬೇಜಾರಾಯ್ತಾ?" ಅಂದರು.

"ಆಯ್ತು," ಎಂದೆ.

"ಆಗ್ಲಿ," ಎಂದು ಚೀಲದಿಂದ ಕಡಲೆಕಾಯಿ ತೆಗೆದು ನನ್ನ ಸೆರಗಿಗೆ ಒಂದು ಹಿಡಿ ಹಾಕಿದರು.

ಕಾರ್ತೀಕದ ಕಡೆಯ ಸೋಮವಾರ ನಾವಿಬ್ಬರೂ ನಾಟ್ರಾಂಪಾಳ್ಯಕ್ಕೆ ಹೋದೆವು. ಸಂಜೆ ಸೂರ್ಯ ಬೆಟ್ಟದ ಹಿಂದೆ ಇಳಿಯುತ್ತಿದ್ದ. ಕಲ್ಲಿನ ಸುತ್ತ ಪೊದೆ ಸವರಿ, ಸಗಣಿ ಸಾರಿಸಿ, ರಂಗೋಲಿ ಎಳೆದಿದ್ದರು. ಕತ್ತಿ ಹಿಡಿದವನ ಎದೆಗೆ ಅರಿಶಿನ, ಕೆಳಗಿನ ಒಂದೊಂದು ಹಸುವಿನ ಹಣೆಗೂ ಕುಂಕುಮ. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಸೆರಗಿನ ಮರೆಯಲ್ಲಿ ಮಣ್ಣಿನ ಹಣತೆ ತಂದರು. ಗಂಟೆಯಿಲ್ಲ, ಪೂಜಾರಿಯಿಲ್ಲ. ಒಬ್ಬೊಬ್ಬರೇ ಬಂದು ದೀಪವಿಟ್ಟು, ಹಸುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಸರಿದರು. ಅಕ್ಕ ಅವರ ನಡುವೆ ತಂಗಿಯ ಜೊತೆ ನಿಂತಿದ್ದರು. ಆ ಕೋಟಿಲ್ಲದೆ, ಬರಿಗಾಲಿನಲ್ಲಿ, ನನಗೆ ಗೊತ್ತಿಲ್ಲದ ಯಾರೋ ಒಬ್ಬರಂತೆ ಕಂಡರು.

ನಾನು ಒಂದು ಪಕ್ಕ ನಿಂತು ಎಷ್ಟು ಜನ, ಯಾವ ಎಣ್ಣೆ, ಯಾರು ಮೊದಲು ಹಚ್ಚಿದರು ಎಂದು ಬರೆದುಕೊಳ್ಳುತ್ತಿದ್ದೆ. ಫೋಟೋ ತೆಗೆದೆ. ಮತ್ತೆ ಬರೆದೆ. ಅಕ್ಕ ನನ್ನ ಬಳಿಗೆ ಬಂದರು. ಅವರ ಕೈಯಲ್ಲಿ ಹಚ್ಚದ ಒಂದು ಹಣತೆ ಉಳಿದಿತ್ತು.

"ಎಲ್ಲಾ ಬರ್ಕಂಡ್ಯಾ?"

"ಬರ್ಕೊಂಡೆ ಅಕ್ಕ."

"ಹಂಗಾದ್ರೆ ಪುಸ್ತಕ ಅತ್ಲಾಗಿಕ್ಕು," ಎಂದು ಹಣತೆಯನ್ನು ನನ್ನ ಅಂಗೈಯಲ್ಲಿಟ್ಟರು. "ಬಾ, ಹಚ್ಚು."